ಜೌಗುನೆಲದ ಹಸಿರನ್ನು ಬಾನಿನಿಂದ ಓದುವುದು

ವರ್ಷದಲ್ಲಿ ಕೆಲವು ತಿಂಗಳಾದರೂ ನೀರು ನಿಲ್ಲುವ, ಇಲ್ಲವೇ ಮಣ್ಣು ಸದಾ ತೊಯ್ದೇ ಇರುವ ಜಾಗಕ್ಕೆ ಜೌಗುನೆಲ ಎನ್ನುತ್ತಾರೆ. ಕೆರೆ, ಕಟ್ಟೆ, ಜಲಾಶಯದ ಹಿನ್ನೀರಿನ ಅಂಚು, ನದಿ ಕಡಲು ಸೇರುವ ಅಳಿವೆ ಎಲ್ಲವೂ ಇದರಲ್ಲಿ ಸೇರುತ್ತವೆ. ಇಲ್ಲಿನ ಗಿಡಗಳು ನೀರಿನ ಆಳ ನೋಡಿಕೊಂಡು ನೆಲೆ ನಿಲ್ಲುತ್ತವೆ. ದಡದ ಕೆಸರಿನಲ್ಲಿ ಜೊಂಡು ಮತ್ತು ಆಪು. ತುಸು ಆಳಕ್ಕೆ ಹೋದರೆ ಕೆಸರಿನಲ್ಲಿ ಬೇರೂರಿ ಎಲೆಯನ್ನು ನೀರಿನ ಮೇಲೆ ಹಾಸುವ ತಾವರೆ, ನೈದಿಲೆ. ಅದರಾಚೆ ಪೂರ್ತಿ ಮುಳುಗಿಯೇ ಬದುಕುವ ಗಿಡಗಳು. ನೆಲದ ಹಂಗೇ ಇಲ್ಲದೆ ಗಾಳಿ ತಳ್ಳಿದತ್ತ ತೇಲುವುದು ಅಂತರಗಂಗೆ. ಉಪ್ಪುನೀರಿನ ಅಳಿವೆಯಲ್ಲಿ ಕಾಂಡ್ಲಾ ಕಾಡು.

ಈ ಗಿಡಗಳ ಸಾಲು ಹೆಚ್ಚುಕಡಿಮೆಯಾದರೆ ಕೆರೆಗೆ ಏನೋ ಆಗುತ್ತಿದೆ ಎಂದೇ ಅರ್ಥ. ಜೊಂಡು ದಡ ಬಿಟ್ಟು ಒಳಗೊಳಗೆ ಬರುತ್ತಿದ್ದರೆ ಅಲ್ಲಿ ಹೂಳು ತುಂಬಿ ಆಳ ಕಡಿಮೆಯಾಗಿದೆ. ಮುಳುಗಿ ಬೆಳೆಯುವ ಗಿಡಗಳು ಕಾಣೆಯಾದರೆ ನೀರು ಕದಡಿ ತಳಕ್ಕೆ ಬೆಳಕು ಇಳಿಯುತ್ತಿಲ್ಲ. ಅಂತರಗಂಗೆ ಹೊದಿಕೆಯಂತೆ ಹಬ್ಬಿದರೆ ಒಳಚರಂಡಿಯ ಸಾರಜನಕ, ರಂಜಕ ಕೆರೆಗೆ ಹರಿದು ಬರುತ್ತಿವೆ. ನೀರನ್ನು ಪ್ರಯೋಗಾಲಯಕ್ಕೆ ಒಯ್ದು ಪರೀಕ್ಷಿಸಿದರೆ ಆ ದಿನದ, ಆ ಜಾಗದ ಸ್ಥಿತಿ ಮಾತ್ರ ತಿಳಿಯುತ್ತದೆ. ಗಿಡಗಳಲ್ಲಿ ತಿಂಗಳುಗಳ, ವರ್ಷಗಳ ಕಥೆ ದಾಖಲಾಗಿರುತ್ತದೆ. ಆದರೆ ಅವುಗಳ ಬಳಿ ಹೋಗುವುದೇ ಕಷ್ಟ. ಕೆಸರಿನಲ್ಲಿ ಕಾಲು ಹೂತುಹೋಗುತ್ತದೆ, ಕಳೆಯ ನಡುವೆ ತೆಪ್ಪ ಮುಂದೆ ಸಾಗುವುದಿಲ್ಲ. ನೂರಾರು ಎಕರೆಯ ಕೆರೆಯನ್ನು ತಿಂಗಳು ತಿಂಗಳೂ ಸುತ್ತಿ ಅಳೆಯುವುದು ಯಾವ ಇಲಾಖೆಯಿಂದಲೂ ಆಗದ ಕೆಲಸ. ಇಲ್ಲಿ ದೂರಸಂವೇದನೆ ನೆರವಿಗೆ ಬರುತ್ತದೆ. ಅಂದರೆ ಉಪಗ್ರಹ, ವಿಮಾನ ಅಥವಾ ಡ್ರೋನ್‌ನಲ್ಲಿರುವ ಉಪಕರಣಗಳಿಂದ, ನೆಲವನ್ನು ಮುಟ್ಟದೆ, ಅಲ್ಲಿಂದ ಬರುವ ಬೆಳಕನ್ನೋ ರಾಡಾರ್ ಅಲೆಯನ್ನೋ ಅಳೆದು ನೆಲದ ಸ್ಥಿತಿ ತಿಳಿಯುವ ವಿದ್ಯೆ.

ಇದರ ತಳಹದಿ ಎಲೆ ಬೆಳಕನ್ನು ನಡೆಸಿಕೊಳ್ಳುವ ರೀತಿ. ಎಲೆಯ ಪತ್ರಹರಿತ್ತು ಆಹಾರ ತಯಾರಿಸಲು ನೀಲಿ ಮತ್ತು ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ಹಸಿರನ್ನು ತುಸು ಹೆಚ್ಚು ಹಿಂದಕ್ಕೆ ಬಿಡುವುದರಿಂದ ಎಲೆ ನಮಗೆ ಹಸಿರಾಗಿ ಕಾಣುತ್ತದೆ. ಕೆಂಪಿನಾಚೆ, ಮನುಷ್ಯನ ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಲ್ಲಿ ಎಲೆಯ ವರ್ತನೆ ತಟ್ಟನೆ ಬದಲಾಗುತ್ತದೆ. ಎಲೆಯೊಳಗಿನ ಜೀವಕೋಶಗಳ ನಡುವಿನ ಗಾಳಿಯ ಸಂದುಗಳಲ್ಲಿ ಆ ಬೆಳಕು ಚೆದುರಿ, ಸುಮಾರು ಅರ್ಧದಷ್ಟು ಹೊರಬರುತ್ತದೆ. ನೀರಿನ ಸ್ವಭಾವ ಇದಕ್ಕೆ ಪೂರ್ತಿ ವಿರುದ್ಧ: ಅದು ಅವಕೆಂಪನ್ನು ಬಹುಮಟ್ಟಿಗೆ ನುಂಗಿಬಿಡುತ್ತದೆ. ಹೀಗಾಗಿ ಅವಕೆಂಪಿನಲ್ಲಿ ತೆಗೆದ ಚಿತ್ರದಲ್ಲಿ ತಿಳಿನೀರಿನ ಕೆರೆ ಕಪ್ಪಾಗಿಯೂ ಅದರ ಮೇಲೆ ತೇಲುವ ಕಳೆ ಪ್ರಕಾಶಮಾನವಾಗಿಯೂ ಕಾಣುತ್ತವೆ. ಪತ್ರಿಕೆಗಳಲ್ಲಿ ಕೆಲವೊಮ್ಮೆ ಅಚ್ಚಾಗುವ ಉಪಗ್ರಹ ಚಿತ್ರಗಳಲ್ಲಿ ಕಾಡು, ಗದ್ದೆಗಳು ಕಡುಗೆಂಪಾಗಿ ಇರುವುದಕ್ಕೂ ಇದೇ ಕಾರಣ. ಕಾಣದ ಅವಕೆಂಪನ್ನು ಕಣ್ಣಿಗೆ ಕಾಣಿಸಲು ಅದಕ್ಕೆ ಕೆಂಪು ಬಣ್ಣ ಕೊಟ್ಟಿರುತ್ತಾರೆ.

ಈ ವ್ಯತ್ಯಾಸವನ್ನು ಒಂದೇ ಸಂಖ್ಯೆಯಾಗಿಸುವ ಸರಳ ಲೆಕ್ಕವೊಂದು 1970ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂತು. 1972ರ ಜುಲೈನಲ್ಲಿ ಹಾರಿದ ಮೊದಲ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರಗಳನ್ನು ಓದಲು ರೂಪಿಸಿದ ಲೆಕ್ಕ ಅದು. ಅವಕೆಂಪಿನ ಅಳತೆಯಿಂದ ಕೆಂಪಿನ ಅಳತೆಯನ್ನು ಕಳೆದು, ಬಂದದ್ದನ್ನು ಎರಡರ ಮೊತ್ತದಿಂದ ಭಾಗಿಸಬೇಕು. ಎನ್‌ಡಿವಿಐ ಎಂದು ಕರೆಯುವ ಈ ಸಸ್ಯ ಸೂಚ್ಯಂಕ -1ರಿಂದ +1ರ ನಡುವೆ ಇರುತ್ತದೆ. ನೀರಿಗೆ ಸಾಮಾನ್ಯವಾಗಿ ಸೊನ್ನೆಗಿಂತ ಕಡಿಮೆ, ಬೋಳು ಮಣ್ಣಿಗೆ 0.1ರಿಂದ 0.2ರ ಆಸುಪಾಸು, ದಟ್ಟ ಹಸಿರಿಗೆ 0.7 ಅಥವಾ ಅದಕ್ಕೂ ಹೆಚ್ಚು. ಅರಣ್ಯ ಇಲಾಖೆಯಿಂದ ಬೆಳೆವಿಮೆಯವರೆಗೆ ಇಂದು ಎಲ್ಲೆಡೆ ಈ ಸಂಖ್ಯೆಯ ಬಳಕೆಯಿದೆ.

ಕಾಡಿನಲ್ಲಿ, ಹೊಲದಲ್ಲಿ ಈ ಸಂಖ್ಯೆ ಏರಿದರೆ ಬಹುಪಾಲು ಒಳ್ಳೆಯ ಸುದ್ದಿ. ಕೆರೆಯಲ್ಲಿ ಹಾಗಲ್ಲ, ಮತ್ತು ಜೌಗುನೆಲದ ದೂರಸಂವೇದನೆಯಲ್ಲಿ ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದ ಸಂಗತಿಯೇ ಇದು. ಬೆಂಗಳೂರಿನ ಬೆಳ್ಳಂದೂರು ಕೆರೆ ಇದಕ್ಕೆ ಕಣ್ಣೆದುರಿನ ಸಾಕ್ಷಿ. ಸುಮಾರು 900 ಎಕರೆಯ ಈ ಕೆರೆಗೆ ದಶಕಗಳ ಕಾಲ ನಗರದ ಕೊಳಚೆ ಹರಿದು, ಅಂತರಗಂಗೆಯೂ ಅಲಿಗೇಟರ್ ಕಳೆಯೂ ಅದರ ಬಹುಭಾಗವನ್ನು ಮುಚ್ಚಿದ್ದವು. ಸಸ್ಯ ಸೂಚ್ಯಂಕದ ನಕ್ಷೆಯಲ್ಲಿ ಆ ಭಾಗ ಒಳ್ಳೆಯ ಗದ್ದೆಯಷ್ಟೇ ಸಮೃದ್ಧವಾಗಿ ತೋರುತ್ತಿತ್ತು. ನೆಲದ ಮೇಲಿನ ಸ್ಥಿತಿ ಬೇರೆಯೇ ಇತ್ತು: ಕೋಡಿಯಲ್ಲಿ ರಸ್ತೆಗೆ ಹಾರುವ ನೊರೆ, ಉಸಿರಾಡಲು ಆಮ್ಲಜನಕವಿಲ್ಲದ ನೀರು, 2015ರ ಮೇ, 2017ರ ಫೆಬ್ರುವರಿ ಮತ್ತು 2018ರ ಜನವರಿಯಲ್ಲಿ ಕೆರೆಯಲ್ಲೇ ಹೊತ್ತಿಕೊಂಡ ಬೆಂಕಿ. ಮುಂದೆ ಹೂಳೆತ್ತಲು ನೀರು ಖಾಲಿ ಮಾಡಿದಾಗ ಬಯಲಾದ ತಳದ ಮಣ್ಣಿನಲ್ಲೂ ಹುಲ್ಲು, ಗಿಡಗಂಟಿ ಬೆಳೆಯುತ್ತವೆ. ಸೂಚ್ಯಂಕಕ್ಕೆ ಅದೂ ಹಸಿರೇ. ಕೊಳಚೆಯ ಹಸಿರು, ಒಣಗಿದ ತಳದ ಹಸಿರು, ಆರೋಗ್ಯವಂತ ಕೆರೆಯ ದಡದಲ್ಲಿ ಹಕ್ಕಿ ಗೂಡು ಕಟ್ಟುವ ಜೊಂಡಿನ ಹಸಿರು ಮೂರನ್ನೂ ಒಂದೇ ಸಂಖ್ಯೆ ಒಂದೇ ಬಣ್ಣದಲ್ಲಿ ತೋರಿಸಿಬಿಡುತ್ತದೆ.

ಇದಕ್ಕಿಂತ ಗಂಭೀರವಾದ ತಪ್ಪು ನೀರಿನ ನಕ್ಷೆಗಳಲ್ಲಿ ನುಸುಳುತ್ತದೆ. ಉಪಗ್ರಹ ಚಿತ್ರದಲ್ಲಿ ನೀರನ್ನು ಗುರುತಿಸುವ ಸಾಮಾನ್ಯ ವಿಧಾನಗಳು ಬಯಲು ನೀರನ್ನೇ ಹುಡುಕುತ್ತವೆ. ಕಳೆ ಪೂರ್ತಿ ಮುಚ್ಚಿದ ಕೆರೆ ಅವುಗಳ ಪಾಲಿಗೆ ನೆಲ. ಹೀಗೆ ಒಂದು ಕೆರೆ ಜಾಗದಲ್ಲೇ ಇದ್ದೂ ಪಟ್ಟಿಯಿಂದ ಮಾಯವಾಗಬಹುದು. ಒತ್ತುವರಿಗೆ ಹೊಂಚು ಹಾಕುವವರಿರುವ ಊರುಗಳಲ್ಲಿ ಇಂಥ ನಕ್ಷೆಯ ತಪ್ಪು ದಾಖಲೆಯ ತಪ್ಪಾಗಿಯೂ ಬೆಳೆಯಬಲ್ಲದು. ಆದ್ದರಿಂದ ನೀರು ಮತ್ತು ನೀರಿನ ಗಿಡಗಳನ್ನು ಬೇರೆ ಬೇರೆಯಾಗಿ ಅಳೆದು, ಎರಡನ್ನೂ ಕೂಡಿಸಿಯೇ ಕೆರೆಯ ವಿಸ್ತಾರ ಹೇಳಬೇಕು.

ಹಾಗಾದರೆ ಯಾವ ಹಸಿರು ಯಾವುದೆಂದು ಬಾನಿನಿಂದ ತಿಳಿಯುವುದು ಹೇಗೆ? ಒಂದು ದಾರಿ ಬೆಳಕನ್ನು ಇನ್ನಷ್ಟು ಸಣ್ಣ ಪಟ್ಟಿಗಳಾಗಿ ಒಡೆದು ನೋಡುವುದು. ಕೆಂಪು ಮುಗಿದು ಅವಕೆಂಪು ಶುರುವಾಗುವ ಅಂಚಿನಲ್ಲಿ, ಸುಮಾರು 680ರಿಂದ 750 ನ್ಯಾನೊಮೀಟರ್‌ಗಳ ನಡುವೆ, ಎಲೆಯ ಪ್ರತಿಫಲನ ಕಡಿದಾಗಿ ಮೇಲೇರುತ್ತದೆ. ಪತ್ರಹರಿತ್ತು ಕಡಿಮೆಯಾದರೆ, ಗಿಡಕ್ಕೆ ರೋಗ ತಗುಲಿದರೆ, ಆ ಏರು ಕಿರಿದಾದ ತರಂಗಾಂತರದತ್ತ ಸರಿಯುತ್ತದೆ. ಐರೋಪ್ಯ ಒಕ್ಕೂಟದ ಸೆಂಟಿನೆಲ್-2 ಉಪಗ್ರಹಗಳಲ್ಲಿ ಈ ಅಂಚಿನ ಆಸುಪಾಸಿನಲ್ಲೇ ಮೂರು ಪಟ್ಟಿಗಳಿವೆ. ಮೊದಲನೆಯದು 2015ರಲ್ಲಿ, ಎರಡನೆಯದು 2017ರಲ್ಲಿ ಹಾರಿದ ಮೇಲೆ ಭೂಮಿಯ ಹೆಚ್ಚಿನ ಜಾಗಗಳ ಚಿತ್ರ ಐದು ದಿನಕ್ಕೊಮ್ಮೆ ಉಚಿತವಾಗಿ ಸಿಗುವಂತಾಯಿತು. ನೀರಿನಲ್ಲಿ ಹಸಿರು ಗಂಜಿಯಂತೆ ಕದಡಿರುವ ಪಾಚಿಗೂ ಮೇಲೆ ತೇಲುವ ಅಂತರಗಂಗೆಗೂ ಇರುವ ಅಂತರ ಇಲ್ಲಿ ಕಾಣುತ್ತದೆ. ಪಾಚಿ ನೀರಿನೊಳಗೆ ಬೆರೆತಿರುವುದರಿಂದ 705 ನ್ಯಾನೊಮೀಟರ್ ಸುತ್ತ ಒಂದು ಸಣ್ಣ ದಿಬ್ಬವೆದ್ದು, ಆಮೇಲೆ ನೀರು ಅವಕೆಂಪನ್ನು ನುಂಗುವುದರಿಂದ ಪ್ರತಿಫಲನದ ಗೆರೆ ಮತ್ತೆ ಇಳಿಯುತ್ತದೆ. ಅಂತರಗಂಗೆಯ ದಪ್ಪ ಎಲೆಯಲ್ಲಿ ಗೆರೆ ಏರಿದ್ದು ಮೇಲೆಯೇ ಉಳಿಯುತ್ತದೆ.

ಈ ಅಂಚಿನ ಓದು ಕಳೆ ನಿಯಂತ್ರಣಕ್ಕೂ ಉಪಯುಕ್ತ. ಅಂತರಗಂಗೆ ದಕ್ಷಿಣ ಅಮೆರಿಕದಿಂದ ಬಂದ ಗಿಡ. ಅದನ್ನೇ ತಿನ್ನುವ ಅಲ್ಲಿನ ಮೂತಿಹುಳಗಳನ್ನು 1980ರ ದಶಕದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬೆಂಗಳೂರಿನ ಕೆರೆಗಳಲ್ಲಿ ಬಿಟ್ಟು ಯಶಸ್ಸು ಕಂಡಿದ್ದರು. ಆಫ್ರಿಕದ ವಿಕ್ಟೋರಿಯಾ ಸರೋವರದಲ್ಲೂ 1990ರ ದಶಕದ ಕೊನೆಯಲ್ಲಿ ಇದೇ ಹುಳಗಳ ಪ್ರಯೋಗ ನಡೆದು, ಕಳೆಯ ಏರಿಕೆ ಮತ್ತು ಇಳಿಕೆಯನ್ನು ಉಪಗ್ರಹ ಚಿತ್ರಗಳಿಂದಲೇ ಅಳೆದರು. ಹುಳ ತಿಂದ ಎಲೆ ಕಂದಾಗುವ ಮೊದಲೇ ಕೆಂಪಿನ ಅಂಚಿನ ಈ ಪಟ್ಟಿಗಳಲ್ಲಿ ಬದಲಾವಣೆ ಕಾಣಬಲ್ಲದು. ಯಂತ್ರ ಇಳಿಸಿ ಕಳೆ ತೆಗೆಯಲು ಹಣ ಸುರಿಯುವ ಮುನ್ನ ಕೆರೆಯ ಯಾವ ಮೂಲೆಯಲ್ಲಿ ಹುಳಗಳ ಕೆಲಸ ನಡೆಯುತ್ತಿದೆ ಎಂದು ನೋಡುವುದು ಜಾಣತನ.

ಇನ್ನೊಂದು ದಾರಿ ಕಾಲ. ಒಂದೇ ದಿನದ ಚಿತ್ರದಲ್ಲಿ ಕೆರೆಯ ಜೊಂಡು ಯಾವುದು, ಅಚ್ಚುಕಟ್ಟಿನ ಭತ್ತ ಯಾವುದು ಎಂದು ಹೇಳುವುದು ಕಷ್ಟ. ಎರಡೂ ನೀರಿನಲ್ಲಿ ನಿಂತ ಹುಲ್ಲಿನಂಥ ಗಿಡಗಳು. ವರ್ಷದ ಚಿತ್ರಗಳನ್ನೆಲ್ಲ ಸಾಲಾಗಿಟ್ಟರೆ ಭತ್ತದ ಗುಟ್ಟು ಬಯಲಾಗುತ್ತದೆ. ಗದ್ದೆಯಲ್ಲಿ ಮೊದಲು ನೀರು, ನಾಟಿಯ ನಂತರ ಹಸಿರು, ನಾಲ್ಕೈದು ತಿಂಗಳಲ್ಲಿ ಹಳದಿ, ಕೊಯ್ಲಾದ ಮೇಲೆ ಬೋಳು. ಜೊಂಡು ಬೇಸಗೆಯಲ್ಲಿ ತುಸು ಒಣಗಿದರೂ ನಿಂತೇ ಇರುತ್ತದೆ. ತಾವರೆ ಮಳೆಯ ನಂತರ ಹರಡಿ ನೀರು ಇಳಿದಂತೆ ಹಿಂಜರಿಯುತ್ತದೆ. ಅಂತರಗಂಗೆಯ ಗುರುತು ಅದರ ಅಲೆದಾಟದಲ್ಲೇ ಇದೆ: ಇವತ್ತಿನ ಚಿತ್ರದಲ್ಲಿ ಪೂರ್ವದ ದಡದಲ್ಲಿದ್ದದ್ದು ಐದು ದಿನದ ನಂತರ ಗಾಳಿ ತಿರುಗಿ ಪಶ್ಚಿಮಕ್ಕೆ ಬಂದಿರುತ್ತದೆ. ಒಂದೇ ಚಿತ್ರವನ್ನು ನೆಚ್ಚಿ ಕಳೆ ಇಂತಿಷ್ಟೇ ಎಕರೆ ಎಂದು ವರದಿ ಬರೆದರೆ, ಗಾಳಿಗೆ ಒತ್ತೊತ್ತಾಗಿ ಸೇರಿದ ದಿನ ಕಡಿಮೆಯೆಂದೂ ಚೆದುರಿದ ದಿನ ಹೆಚ್ಚೆಂದೂ ಲೆಕ್ಕ ಬರುವ ಅಪಾಯವಿದೆ. ಅದಕ್ಕೇ ಒಂದು ಋತುವಿನ ಹಲವು ಚಿತ್ರಗಳನ್ನು ಕೂಡಿಸಿ ನೋಡುವುದು ರೂಢಿ.

ಮುಳುಗಿ ಬೆಳೆಯುವ ಗಿಡಗಳ ವಿಷಯದಲ್ಲಿ ಉಪಗ್ರಹದ ಕೈ ಗಿಡ್ಡ. ಅವಕೆಂಪು ನೀರಿನೊಳಗೆ ಹೆಚ್ಚು ಇಳಿಯುವುದೇ ಇಲ್ಲ. ನೀಲಿ, ಹಸಿರು ಬೆಳಕು ಇಳಿಯುತ್ತವೆ, ಆದರೆ ನೀರು ತಿಳಿಯಾಗಿದ್ದರೆ ಮಾತ್ರ. ತಿಳಿಯಾದ ಹಿನ್ನೀರುಗಳ ಕಡಲಹುಲ್ಲನ್ನು ಹೀಗೆ ಗುರುತಿಸಬಹುದು. ನಮ್ಮ ಬಯಲುಸೀಮೆಯ ಮಣ್ಣುಬಣ್ಣದ ಕೆರೆಗಳಲ್ಲಿ ತೆಪ್ಪ ಹತ್ತಿ ಕೈಯಿಂದಲೇ ಗಿಡ ಕಿತ್ತು ನೋಡಬೇಕು.

ಮಳೆಗಾಲದ್ದು ಬೇರೆಯೇ ಕಷ್ಟ. ಜೌಗುನೆಲದ ಗಿಡಗಳು ಹುಲುಸಾಗಿ ಬೆಳೆಯುವ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿ, ಮಲೆನಾಡುಗಳ ಮೇಲೆ ಮೋಡ ಕವಿದಿರುತ್ತದೆ. ಬೆಳಕನ್ನು ನಂಬಿದ ಉಪಗ್ರಹಕ್ಕೆ ಆಗ ಕಾಣುವುದು ಮೋಡದ ಬೆನ್ನು ಮಾತ್ರ. ಇಲ್ಲಿ ರಾಡಾರ್ ಬೇಕು. ರಾಡಾರ್ ಉಪಗ್ರಹ ತಾನೇ ಸೂಕ್ಷ್ಮತರಂಗ ಕಳಿಸಿ, ಮರಳಿ ಬಂದದ್ದನ್ನು ಅಳೆಯುತ್ತದೆ. ಮೋಡವೂ ಕತ್ತಲೂ ಅದಕ್ಕೆ ಅಡ್ಡಿಯಲ್ಲ. ಓರೆಯಾಗಿ ಬಂದ ಅಲೆಯನ್ನು ನಿಂತ ನೀರು ಆಚೆಗೆ ಜಾರಿಸಿಬಿಡುವುದರಿಂದ ಬಯಲು ನೀರು ರಾಡಾರ್ ಚಿತ್ರದಲ್ಲಿ ಕಪ್ಪು. ತೇಲುವ ಕಳೆಯಿದ್ದರೆ ಮೇಲ್ಮೈ ಒರಟಾಗಿ ಬೂದುಬಣ್ಣ ಬರುತ್ತದೆ. ನೀರಿನಲ್ಲಿ ನಿಂತ ಜೊಂಡು ಅಥವಾ ಮರಗಳಿದ್ದರೆ ಅಲೆ ಮೊದಲು ನೀರಿಗೆ, ಆಮೇಲೆ ಕಾಂಡಕ್ಕೆ ಬಡಿದು ಬಂದ ದಾರಿಯಲ್ಲೇ ಹಿಂತಿರುಗುವುದರಿಂದ ಚಿತ್ರದಲ್ಲಿ ಆ ಭಾಗ ಹೊಳೆಯುತ್ತದೆ. ಎಲೆಗಳ ಅಡಿಯಲ್ಲಿ ನೀರು ನಿಂತಿದೆಯೇ ಎಂಬ, ಬೇರೆ ಯಾವ ಚಿತ್ರವೂ ಉತ್ತರಿಸಲಾಗದ ಪ್ರಶ್ನೆಗೆ ಈ ಹೊಳಪಿನಲ್ಲಿ ಉತ್ತರವಿದೆ.

ಅಲೆ ಉದ್ದವಾದಷ್ಟೂ ಎಲೆಗಳ ನಡುವೆ ಆಳಕ್ಕೆ ನುಗ್ಗುತ್ತದೆ. ಸೆಂಟಿನೆಲ್-1 ರಾಡಾರ್ ಉಪಗ್ರಹದ ಅಲೆ ಸುಮಾರು 5.6 ಸೆಂಟಿಮೀಟರ್, ಹುಲ್ಲು, ಜೊಂಡಿಗೆ ಅದು ಸಾಕು, ದಟ್ಟ ಮರಗಳಿಗೆ ಸಾಲದು. ಜಪಾನಿನ ಜೆಇಆರ್‌ಎಸ್-1 ಉಪಗ್ರಹ 1995-96ರಲ್ಲಿ ಉದ್ದ ಅಲೆಯ ರಾಡಾರ್‌ನಿಂದಲೇ ಅಮೆಜಾನ್ ಕಾಡಿನಡಿಯ ನೆರೆನೀರನ್ನು ನೀರು ಇಳಿದ ಕಾಲದಲ್ಲಿ ಒಮ್ಮೆ, ಪ್ರವಾಹದ ಕಾಲದಲ್ಲಿ ಒಮ್ಮೆ ದಾಖಲಿಸಿತ್ತು. ಭಾರತದ ಇಸ್ರೊ ಮತ್ತು ಅಮೆರಿಕದ ನಾಸಾ ಜೊತೆಯಾಗಿ ನಿರ್ಮಿಸಿದ ನಿಸಾರ್ ಉಪಗ್ರಹ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿತು. ಅದರಲ್ಲಿ ಎರಡು ರಾಡಾರ್‌ಗಳಿವೆ: ನಾಸಾದ್ದು ಸುಮಾರು 24 ಸೆಂಟಿಮೀಟರ್ ಅಲೆಯದು, ಇಸ್ರೊದ್ದು ಅದರ ಅರ್ಧಕ್ಕಿಂತ ಕಿರಿದು. 12 ದಿನಕ್ಕೊಮ್ಮೆ ಅದೇ ಹಾದಿಗೆ ಮರಳುವ ಈ ಉಪಗ್ರಹದ ಉದ್ದೇಶಗಳಲ್ಲಿ ಜೌಗುನೆಲಗಳ ನಿಗಾ ಕೂಡ ಸೇರಿದೆ.

ಇಷ್ಟೆಲ್ಲ ಇದ್ದರೂ ಹಸಿರಿನ ವಿಸ್ತಾರದಿಂದ ನೇರವಾಗಿ ತೀರ್ಮಾನಕ್ಕೆ ಹಾರುವಂತಿಲ್ಲ. ಮಣಿಪುರದ ಲೋಕ್ತಕ್ ಸರೋವರ ಇದನ್ನು ಚೆನ್ನಾಗಿ ಕಲಿಸುತ್ತದೆ. ಅಲ್ಲಿ ಹುಲ್ಲು, ಬೇರು, ಮಣ್ಣು, ಕೊಳೆತ ಎಲೆ ಹೆಣೆದುಕೊಂಡು ಆದ ತೇಲುವ ಚಾಪೆಗಳಿವೆ. ಸ್ಥಳೀಯರು ಅವಕ್ಕೆ ಫುಮ್ಡಿ ಎನ್ನುತ್ತಾರೆ. ಬಯಲು ನೀರಿನ ಮೇಲೆ ಫುಮ್ಡಿ ಹಬ್ಬಿದರೆ ಮೀನುಗಾರರಿಗೂ ದೋಣಿಗಳಿಗೂ ತೊಂದರೆ. ಅಲ್ಲಿ ಅದನ್ನು ತೆಗೆಸುವ ಕಾರ್ಯಕ್ರಮಗಳು ನಡೆದಿವೆ. ಅದೇ ಸರೋವರದ ಅಂಚಿನ ಸುಮಾರು 40 ಚದರ ಕಿಲೋಮೀಟರ್‌ನ ಕೈಬುಲ್ ಲಾಮ್ಜಾವೊ ರಾಷ್ಟ್ರೀಯ ಉದ್ಯಾನದಲ್ಲಿ ಫುಮ್ಡಿಯೇ ಸಂಗಾಯ್ ಜಿಂಕೆಯ ನೆಲ, ಮೇವು, ಮನೆ. ಕಾಡಿನಲ್ಲಿ ಆ ಜಿಂಕೆ ಉಳಿದಿರುವುದು ಅಲ್ಲಿ ಮಾತ್ರ. 1983ರಲ್ಲಿ ಇಥಾಯ್ ಅಣೆಕಟ್ಟೆ ಕಾರ್ಯಾರಂಭ ಮಾಡಿದ ಮೇಲೆ ವರ್ಷವಿಡೀ ನೀರು ಎತ್ತರದಲ್ಲೇ ನಿಲ್ಲುತ್ತದೆ. ಮೊದಲೆಲ್ಲ ಬೇಸಗೆಯಲ್ಲಿ ಚಾಪೆ ತಳಕ್ಕೆ ಕೂತು ಬೇರುಗಳು ಮಣ್ಣಿನಿಂದ ಸಾರ ಹೀರುತ್ತಿದ್ದವು. ಈಗ ಅದಕ್ಕೆ ಅವಕಾಶ ತಪ್ಪಿ ಉದ್ಯಾನದ ಫುಮ್ಡಿ ತೆಳುವಾಗುತ್ತಿದೆ. ಉಪಗ್ರಹಕ್ಕೆ ಚಾಪೆಯ ಅಗಲ ಕಾಣುತ್ತದೆ, ದಪ್ಪ ಕಾಣುವುದಿಲ್ಲ. ಜಿಂಕೆಯ ಭಾರ ತಡೆಯುವಷ್ಟು ದಪ್ಪ ಇದೆಯೇ ಎಂದು ತಿಳಿಯಲು ಅದರ ಮೇಲೆ ನಡೆದು ಕೋಲು ಚುಚ್ಚಿಯೇ ನೋಡಬೇಕು.

ಉತ್ತರ ಕನ್ನಡದ ಅಘನಾಶಿನಿ ಅಳಿವೆಯಲ್ಲಿ ಪ್ರಶ್ನೆ ಮತ್ತೊಂದು ಬಗೆಯದು. 2024ರಲ್ಲಿ ರಾಮ್ಸಾರ್ ತಾಣವೆಂದು, ಅಂದರೆ ಅಂತಾರಾಷ್ಟ್ರೀಯ ಮಹತ್ವದ ಜೌಗುನೆಲವೆಂದು ಘೋಷಿತವಾದ 4,801 ಹೆಕ್ಟೇರ್‌ಗಳ ಈ ಜಾಗದಲ್ಲಿ ಕಾಂಡ್ಲಾ ಕಾಡು, ಉಪ್ಪುನೀರಿಗೆ ಜಗ್ಗದ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳು, ಸಿಗಡಿ ಕೊಳಗಳು ಒಂದರ ಪಕ್ಕ ಒಂದಿವೆ. ಸಿಗಡಿ ಕೊಳಗಳು ನೇರ ಅಂಚಿನಿಂದ ಸುಲಭವಾಗಿ ಗುರುತು ಸಿಗುತ್ತವೆ. ಕಾಂಡ್ಲಾ ಅಳೆಯುವಾಗ ಭರತ ಇಳಿತದ ಲೆಕ್ಕ ತಪ್ಪಬಾರದು. ಬೆಳಕಿನ ಚಿತ್ರ ತೆಗೆಯುವ ಇಂಥ ಉಪಗ್ರಹಗಳು ಹಾದುಹೋಗುವುದು ಹೆಚ್ಚುಕಡಿಮೆ ಬೆಳಿಗ್ಗೆ ಹತ್ತೂವರೆಯ ನಿಗದಿತ ವೇಳೆಗೆ. ಭರತದ ಸಮಯವಾದರೋ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತಿರುತ್ತದೆ. ಭರತದ ಹೊತ್ತಿನಲ್ಲಿ ತೆಗೆದ ಚಿತ್ರದಲ್ಲಿ ಎಳೆಯ ಕಾಂಡ್ಲಾ ಸಸಿಗಳು ನೀರಿನಲ್ಲಿ ಮುಳುಗಿ, ಕಾಡು ಕಡಿಮೆಯಾದಂತೆ ತೋರುತ್ತದೆ. ಹೋಲಿಸುವ ಎರಡೂ ಚಿತ್ರಗಳು ಇಳಿತದ ಹೊತ್ತಿನವಾಗಿರಬೇಕು. ಭಾರತೀಯ ಅರಣ್ಯ ಸರ್ವೇಕ್ಷಣೆಯ ವರದಿಗಳಲ್ಲಿ ಕರ್ನಾಟಕದ ಕಾಂಡ್ಲಾ ಕಾಡು 2019ರಲ್ಲಿ 10 ಚದರ ಕಿಲೋಮೀಟರ್, 2021ರಲ್ಲಿ 13. ಇಷ್ಟು ಚಿಕ್ಕ ವಿಸ್ತಾರದಲ್ಲಿ ಭರತದ ಒಂದು ತಪ್ಪು ಲೆಕ್ಕವನ್ನೇ ಬುಡಮೇಲು ಮಾಡಬಲ್ಲದು. ಜೊತೆಗೆ, ಕಟ್ಟೆ ಒಡೆದು ಬೇಸಾಯ ನಿಂತ ಗಜನಿಗಳಲ್ಲೂ ಕಾಂಡ್ಲಾ ತಾನಾಗಿ ಬೆಳೆಯುತ್ತದೆ. ಮೀನಿನ ಮರಿಗಳಿಗೆ ಅದು ಲಾಭ. ಕಗ್ಗ ಬಿತ್ತುತ್ತಿದ್ದ ರೈತನಿಗೆ ಗದ್ದೆಯ ನಷ್ಟ. ನಕ್ಷೆಯಲ್ಲಿ ಎರಡೂ ಒಂದೇ ಹಸಿರು ಚುಕ್ಕೆ.

ದೇಶದ ಮಟ್ಟದಲ್ಲಿ ಈ ಕೆಲಸ ಮಾಡುತ್ತಿರುವುದು ಅಹಮದಾಬಾದಿನಲ್ಲಿರುವ ಇಸ್ರೊದ ಬಾಹ್ಯಾಕಾಶ ಅನ್ವಯಿಕ ಕೇಂದ್ರ. 1988ರ ಮಾರ್ಚ್‌ನಲ್ಲಿ ಐಆರ್‌ಎಸ್-1ಎ ಹಾರಿದಾಗಿನಿಂದ ಭಾರತಕ್ಕೆ ನಿತ್ಯಬಳಕೆಯ ತನ್ನದೇ ದೂರಸಂವೇದಿ ಉಪಗ್ರಹಗಳಿವೆ. 2006-07ರ ಚಿತ್ರಗಳನ್ನು ಆಧರಿಸಿ 2011ರಲ್ಲಿ ಹೊರಬಂದ ರಾಷ್ಟ್ರೀಯ ಜೌಗುನೆಲ ನಕ್ಷಾಸಂಪುಟ 2.25 ಹೆಕ್ಟೇರ್‌ಗಿಂತ ದೊಡ್ಡದಾದ 2,01,503 ತಾಣಗಳನ್ನು ಗುರುತಿಸಿತು. ಮಳೆಗಾಲದ ನಂತರ ಮತ್ತು ಬೇಸಗೆಯಲ್ಲಿ ಹೀಗೆ ಎರಡು ಬಾರಿ ಬಯಲು ನೀರು ಎಷ್ಟು, ನೀರಿನ ಗಿಡ ಎಷ್ಟು ಎಂದು ಬೇರೆ ಬೇರೆಯಾಗಿ ಅಳೆದದ್ದು ಅದರ ದೊಡ್ಡ ಗುಣ. 2017-18ರ ಚಿತ್ರಗಳಿಂದ ತಯಾರಾದ ಮುಂದಿನ ಸಂಪುಟ 2021ರಲ್ಲಿ ಬಂತು. ತಾಣಗಳ ಸಂಖ್ಯೆ 2,31,195ಕ್ಕೆ ಏರಿತು. ಈ ನಕ್ಷೆಗಳು ಕಪಾಟಿನಲ್ಲಿ ಉಳಿಯಲಿಲ್ಲ. ಮೊದಲ ಪಟ್ಟಿಯ ತಾಣಗಳಿಗೆಲ್ಲ ರಕ್ಷಣೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 2017ರ ಫೆಬ್ರುವರಿಯಲ್ಲಿ ಹೇಳಿತು; 2024ರ ಡಿಸೆಂಬರ್‌ನಲ್ಲಿ ಎರಡನೇ ಪಟ್ಟಿಯ ತಾಣಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ ಗಡಿ ಗುರುತಿಸುವಂತೆ ರಾಜ್ಯಗಳಿಗೆ ಆದೇಶಿಸಿತು.

ಸ್ಥಳ ಪರಿಶೀಲನೆಯಿಲ್ಲದ ನಕ್ಷೆ ಅರ್ಧ ಕೆಲಸ. ಕಂಪ್ಯೂಟರ್‌ಗೆ ಜೊಂಡು ಯಾವುದು, ಅಂತರಗಂಗೆ ಯಾವುದು ಎಂದು ಕಲಿಸುವುದೇ ನೆಲದಿಂದ ತಂದ ಮಾದರಿಗಳು. ಜಿಪಿಎಸ್‌ನಲ್ಲಿ ಜಾಗ ಗುರುತಿಸಿ, ಅಲ್ಲಿನ ಗಿಡದ ಹೆಸರು, ದಟ್ಟಣೆ, ನೀರಿನ ಆಳ ಬರೆದುಕೊಳ್ಳಬೇಕು. ಒಂದು ಪಾಲು ಮಾದರಿಗಳನ್ನು ಕಲಿಸಲು ಬಳಸಿ, ಕಂಪ್ಯೂಟರ್ ಕಾಣದ ಇನ್ನೊಂದು ಪಾಲಿನಿಂದ ಅದರ ಉತ್ತರ ಸರಿಯೇ ಎಂದು ಪರೀಕ್ಷಿಸಬೇಕು. ಉಪಗ್ರಹ ಹಾದುಹೋದ ದಿನಕ್ಕೂ ನೆಲದ ಭೇಟಿಗೂ ನಡುವೆ ಹೆಚ್ಚು ದಿನ ಕಳೆದರೆ ಅಂತರಗಂಗೆಯ ವಿಷಯದಲ್ಲಂತೂ ಆ ಮಾದರಿ ವ್ಯರ್ಥ. ಅನುಕೂಲಕರ ಸ್ಥಿತಿಯಲ್ಲಿ ಅದು ಎರಡು ವಾರದೊಳಗೆ ದುಪ್ಪಟ್ಟಾಗಬಲ್ಲ ಗಿಡ. ಇಂಥ ಕೆಲಸದಲ್ಲಿ ಆ ಕೆರೆಯ ಮೀನುಗಾರರಷ್ಟು ನಂಬಬಹುದಾದ ಜೊತೆಗಾರರು ಇಲ್ಲ. ಯಾವ ಕಳೆ ಯಾವ ತಿಂಗಳು ಎಲ್ಲಿಂದ ಬರುತ್ತದೆ ಎಂದು ಅವರಿಗೆ ಗೊತ್ತಿರುತ್ತದೆ, ಆ ತಿಳಿವಳಿಕೆಯನ್ನು ದಾಖಲಿಸುವ ಕಲಂ ಮಾತ್ರ ಸಮೀಕ್ಷೆಯ ನಮೂನೆಗಳಲ್ಲಿ ಇರಬೇಕು.

ರಾಷ್ಟ್ರೀಯ ಸಂಪುಟದ ವಿವರವಾದ ಅಳತೆಗೆ ಸಿಗದೆ ಉಳಿದದ್ದು ಸಣ್ಣ ಕೆರೆಕಟ್ಟೆಗಳು. 2.25 ಹೆಕ್ಟೇರ್‌ಗಿಂತ ಚಿಕ್ಕವನ್ನು ಮೊದಲ ಸಂಪುಟ ಬರಿಯ ಬಿಂದುಗಳಾಗಿ ಗುರುತಿಸಿತ್ತು. ಅವುಗಳ ಸಂಖ್ಯೆ ಐದೂವರೆ ಲಕ್ಷಕ್ಕೂ ಹೆಚ್ಚು. ಆಗ ಬಳಸಿದ ಚಿತ್ರದ ಒಂದು ಪಿಕ್ಸೆಲ್ 23.5 ಮೀಟರ್ ಅಗಲದ್ದು, ಚಿಕ್ಕ ಕಟ್ಟೆಯೊಂದು ಅದರಲ್ಲಿ ನಾಲ್ಕಾರು ಚುಕ್ಕೆಯಾಗಿ ದಡದ ಮಣ್ಣಿನೊಂದಿಗೆ ಬೆರೆತುಹೋಗುತ್ತಿತ್ತು. ಇಂದಿನ 10 ಮೀಟರ್ ಚಿತ್ರದಲ್ಲಿ ಅರ್ಧ ಎಕರೆಯ ಗೋಕಟ್ಟೆಗೂ ಸುಮಾರು 20 ಪಿಕ್ಸೆಲ್ ಸಿಗುತ್ತವೆ. ಅಂಚಿನವನ್ನು ಬಿಟ್ಟರೂ ಕಟ್ಟೆಯಲ್ಲಿ ನೀರಿದೆಯೇ, ಕಳೆ ಮುಚ್ಚಿದೆಯೇ, ಒಣಗಿದೆಯೇ ಎಂದು ಐದು ದಿನಕ್ಕೊಮ್ಮೆ ಹೇಳಲು ಅಷ್ಟು ಸಾಕು. ಚಿತ್ರಗಳು ಉಚಿತ, ಓದುವ ತಂತ್ರಾಂಶಗಳೂ ಉಚಿತ. ಡ್ರೋನ್ ಇರುವಲ್ಲಿ ಒಂದೊಂದು ಎಲೆಯನ್ನೂ ಕಾಣಬಹುದು. ಗ್ರಾಮ ಪಂಚಾಯಿತಿಯ ಕೆರೆಗಳಿಗೆ ಇಂಥದೊಂದು ದಾಖಲೆಯನ್ನು ಶುರುಮಾಡಲು ಬೇಕಾದದ್ದು ತರಬೇತಿ ಪಡೆದ ಒಬ್ಬರು, ಒಂದು ಕಂಪ್ಯೂಟರ್, ಮತ್ತು ಮಳೆಗಾಲಕ್ಕೆ ಮೊದಲೊಮ್ಮೆ, ಆಮೇಲೊಮ್ಮೆ ದಡಕ್ಕೆ ಹೋಗಿ ನೋಡಿ ಬರುವ ಏರ್ಪಾಡು.